ಬಾಡಿಗೆಯ ಕ್ರೇನು, ಗುತ್ತಿಗೆಯ ಲಿಫ್ಟು: ನೌಕಾಪಡೆಯ ಹಡಗೊಂದರ ರಿಫಿಟ್ ಕುರಿತ ಪ್ರಕರಣ ಅಧ್ಯಯನ

ಕ್ರೇನಿನ ಭಾರ ಸೂಚಕದ ಅಂಕಿ 8.2 ಟನ್ನಿಗೆ ಬಂದಾಗ, ಹಡಗಿಗೆ ವಿದ್ಯುತ್ ಕೊಡುವ ಡೀಸೆಲ್ ಆಲ್ಟರ್ನೇಟರಿನ ಒಂದು ಮೂಲೆ ಮಾತ್ರ ಎರಡು ಬೆರಳಿನಷ್ಟು ಮೇಲೆದ್ದಿತ್ತು. ಉಳಿದ ಮೂರು ಮೂಲೆಗಳು ಪೀಠದ ಮೇಲೇ ಕುಳಿತಿದ್ದವು. ಜೆಟ್ಟಿಯ ಮೇಲೆ ನಿಂತಿದ್ದ 80 ಟನ್ನಿನ ಕ್ರೇನಿನ ಕ್ಯಾಬಿನ್ನಿನಿಂದ ಎಚ್ಚರಿಕೆಯ ಸೈರನ್ ಕೂಗತೊಡಗಿತು. ಆಪರೇಟರ್ ಲಿವರಿನಿಂದ ಕೈ ತೆಗೆದರು. ನಮ್ಮ ಫೋರ್‌ಮನ್ ಕೆಳಗಿನಿಂದಲೇ ಕೂಗಿದರು: "ಇನ್ನೊಂದು ಅಂಗುಲ ಎತ್ತಿ, ಆಮೇಲೆ ಬೂಮ್ ಒಳಕ್ಕೆ ತೆಗೆದುಕೊಂಡರೆ ಸರಿಹೋಗುತ್ತದೆ. ಲಿಮಿಟ್ ಬೈಪಾಸ್ ಮಾಡಿ."

ಆಪರೇಟರ್ ಜಾರ್ಖಂಡಿನವರು, ಐವತ್ತು ದಾಟಿದವರು. ಅವರು ಹಗ್ಗ ಸಡಿಲಿಸಿ ಮೂಲೆಯನ್ನು ಪೀಠಕ್ಕೆ ಇಳಿಸಿದರು. ಆಮೇಲೆ ಕ್ಯಾಬಿನ್ನಿನಿಂದ ಇಳಿದು ಬಂದು ಭಾರ ಮಿತಿ ಮೀರದಂತೆ ತಡೆಯುವ ವ್ಯವಸ್ಥೆಯನ್ನು ಬದಿಗಿಡುವ ಬೈಪಾಸ್ ಸ್ವಿಚ್ಚಿನ ಸಣ್ಣ ಕೀಲಿಯನ್ನು ನನ್ನ ಅಂಗೈಯಲ್ಲಿಟ್ಟರು. "ಸಾಹೇಬರೇ, ಇದು ನಿಮ್ಮ ಹತ್ತಿರವೇ ಇರಲಿ. ಯಂತ್ರ ನಮ್ಮ ಮಾಲೀಕರದು. ಎತ್ತು ಎಂದು ಹೇಳುವವರು ನೀವು. ನೀವೇ ತಿರುಗಿಸುವುದಾದರೆ ನಾನು ಕೆಳಗೆ ನಿಲ್ಲುತ್ತೇನೆ" ಎಂದು ಹಿಂದಿಯಲ್ಲಿ ಹೇಳಿದರು. ಮಾತಿನಲ್ಲಿ ಕೋಪವಿರಲಿಲ್ಲ. ಕೀಲಿ ಅವರ ಜೇಬಿನಲ್ಲಿದ್ದುದರಿಂದ ಬಿಸಿಯಾಗಿತ್ತು. ಆ ದಿನದ ಲಿಫ್ಟನ್ನು, ಅಂದರೆ ಭಾರ ಎತ್ತುವ ಕೆಲಸವನ್ನು, ಅಲ್ಲಿಗೇ ನಿಲ್ಲಿಸಿದೆವು.

ನಾನು ಆಗ ಪಶ್ಚಿಮ ಕರಾವಳಿಯ ಒಂದು ಖಾಸಗಿ ರಿಪೇರಿ ಯಾರ್ಡಿನ ಪ್ಲಾನಿಂಗ್ ವಿಭಾಗದಲ್ಲಿದ್ದೆ. ನೌಕಾಪಡೆಯ ಮಧ್ಯಮ ಗಾತ್ರದ ಹಡಗೊಂದು ರಿಫಿಟ್ಟಿಗೆ, ಅಂದರೆ ದೊಡ್ಡ ದುರಸ್ತಿಗೆ, ಬಂದಿತ್ತು. ಹಡಗಿನ ಹೆಸರು, ಯಾರ್ಡಿನ ಹೆಸರು, ರೂಪಾಯಿಯ ಮೊತ್ತಗಳನ್ನು ಇಲ್ಲಿ ಹೇಳುವುದಿಲ್ಲ. ದಿನಗಳು, ತಾಸುಗಳು, ಟನ್ನುಗಳು ನನ್ನ ಸೈಟ್ ಡೈರಿಯವು. ಭಾರ ಎತ್ತುವ ಸಾಧನಗಳನ್ನು ಬಾಡಿಗೆಗೆ ತರಬೇಕೆ, ಎತ್ತುವ ಕೆಲಸವನ್ನೇ ಗುತ್ತಿಗೆಗೆ ಕೊಡಬೇಕೆ ಎಂಬ ಪ್ರಶ್ನೆಯನ್ನು ನಾವು ಬೆಲೆಯ ಪ್ರಶ್ನೆ ಎಂದುಕೊಂಡಿದ್ದೆವು. ಆ ಕೀಲಿ ಅಂಗೈಗೆ ಬಂದ ಕ್ಷಣದಲ್ಲಿ ನಾವು ಏನನ್ನು ಕೊಂಡಿರಲಿಲ್ಲ ಎಂಬುದು ನನಗೆ ಗೊತ್ತಾಯಿತು.

ಎತ್ತಬೇಕಾದದ್ದು ಏನು

ನೌಕಾಪಡೆಯ ದೊಡ್ಡ ನೆಲೆಗಳಲ್ಲಿ ಸ್ವಂತದ ಸಾಧನಗಳಿರುತ್ತವೆ. ಕಾರವಾರದ ಐಎನ್‌ಎಸ್ ಕದಂಬ ನೆಲೆಯಲ್ಲಿ ಹಡಗನ್ನೇ ನೀರಿನಿಂದ ಮೇಲೆತ್ತುವ ಶಿಪ್‌ಲಿಫ್ಟ್ ಇದೆ. ಸುಮಾರು 175 ಮೀಟರ್ ಉದ್ದ, 28 ಮೀಟರ್ ಅಗಲದ ಆ ವೇದಿಕೆ 10,000 ಟನ್ನಿನವರೆಗಿನ ಹಡಗುಗಳನ್ನು ಎತ್ತಿ ದಡದ ಬರ್ತಿಗೆ ಸಾಗಿಸುವುದಕ್ಕೆಂದು ಕಟ್ಟಿದ್ದು. ಅಂಥದ್ದು ಬಾಡಿಗೆಗೆ ಸಿಗುವ ವಸ್ತುವಲ್ಲ. ಖಾಸಗಿ ಯಾರ್ಡಿನಲ್ಲಿ ಏಳುವ ಪ್ರಶ್ನೆ ಅದಕ್ಕಿಂತ ಬಹಳ ಸಣ್ಣದು: ಜೆಟ್ಟಿಗೆ ಕಟ್ಟಿದ ಹಡಗಿನೊಳಗಿನ ಒಂದೊಂದೇ ಯಂತ್ರವನ್ನು ಹೊರಗೆ ತೆಗೆಯುವುದು ಹೇಗೆ?

ನಮ್ಮ ಪಟ್ಟಿಯಲ್ಲಿ ಮೂರು ಬಗೆಯ ಕೆಲಸವಿತ್ತು. ಮೊದಲನೆಯದು ಮನುಷ್ಯರನ್ನು ಎತ್ತುವುದು. ಮಾಸ್ಟಿನ ಕೇಬಲ್ಲು, ಹಡಗಿನ ಮೈಯ ಬಣ್ಣ, ಬೆಸುಗೆಯ ತಪಾಸಣೆ ಎಲ್ಲಕ್ಕೂ ಬೂಮ್ ಲಿಫ್ಟ್ ಬೇಕು. ಎರಡನೆಯದು ಸಣ್ಣ ಭಾರ: ಪಂಪು, ಮೋಟಾರು, ಕವಾಟ, ಬಣ್ಣದ ಡ್ರಮ್ಮು, ಸ್ಕ್ಯಾಫೋಲ್ಡಿಂಗ್ ಪೈಪು. ಮೂರನೆಯದು ಒಂದೇ ಒಂದು ದೊಡ್ಡ ಭಾರ, ಡೀಸೆಲ್ ಆಲ್ಟರ್ನೇಟರ್. ಎಲ್ಲರೂ ಅದನ್ನು ಡಿಎ ಎಂದೇ ಕರೆಯುತ್ತಾರೆ. ಹಡಗಿನ ವಿದ್ಯುತ್ ಅದರಿಂದಲೇ ಬರಬೇಕು. ಓವರ್‌ಹಾಲ್‌ಗೆ ಅದನ್ನು ಹೊರಗೆ ತೆಗೆಯಬೇಕೆಂದರೆ ಡೆಕ್ಕನ್ನು ಕತ್ತರಿಸಿ ದಾರಿ ಮಾಡಬೇಕು. ಕತ್ತರಿಸುವ ಮುನ್ನ ಸುತ್ತಲಿನ ಟ್ಯಾಂಕುಗಳಲ್ಲಿ ಅನಿಲವಿಲ್ಲವೆಂಬ ಪ್ರಮಾಣಪತ್ರ ಬೇಕು. ಅದಕ್ಕೂ ಮೊದಲು ಇಂಧನ ಖಾಲಿ ಮಾಡಬೇಕು. ಒಂದರ ಬಾಲ ಇನ್ನೊಂದು ಹಿಡಿದುಕೊಂಡಿರುವ ಕೆಲಸಗಳು ಇವು.

ಖರೀದಿ ವಿಭಾಗ ಈ ಮೂರನ್ನೂ ಒಂದೇ ಗಂಟಿನಲ್ಲಿ ಕಟ್ಟಿತು. ದರಪಟ್ಟಿ ಕೇಳಿದ ಕಾಗದದಲ್ಲಿ ಇದ್ದದ್ದು ಇಷ್ಟೇ: "80 ಟನ್ ಕ್ರೇನ್ ಒಂದು, ಬೂಮ್ ಲಿಫ್ಟ್ ಎರಡು, ಹೈಡ್ರಾ ಒಂದು, ಆಪರೇಟರ್ ಸಹಿತ, ತಿಂಗಳ ಬಾಡಿಗೆ." ಹೈಡ್ರಾ ಎಂದರೆ ಸಣ್ಣ ಭಾರಗಳನ್ನು ಎತ್ತಿ ಸಾಗಿಸುವ ಚಿಕ್ಕ ಕ್ರೇನು. ಎಷ್ಟು ದೂರದಲ್ಲಿ, ಎಷ್ಟು ಎತ್ತರಕ್ಕೆ, ಎಷ್ಟು ಭಾರ ಎಂಬ ಸಾಲೇ ಇರಲಿಲ್ಲ. ಅತಿ ಕಡಿಮೆ ದರ ಹಾಕಿದವರಿಗೆ ಆದೇಶ ಹೋಯಿತು. ಎಂಟು ಟನ್ನಿನ ಡಿಎಗೆ ಎಂಬತ್ತು ಟನ್ನಿನ ಕ್ರೇನು ಹತ್ತು ಪಟ್ಟಾಯಿತಲ್ಲ ಎಂಬ ಲೆಕ್ಕ ಸಭೆಯಲ್ಲಿ ಎಲ್ಲರಿಗೂ ಒಪ್ಪಿಗೆಯಾಯಿತು. ನಾನೂ ಆ ಸಭೆಯಲ್ಲಿದ್ದೆ, ಒಪ್ಪಿದ್ದೆ.

ಮೀಟರು ಓಡಿದ ಆರು ವಾರ

ನಮ್ಮಲ್ಲಿ ಕ್ರೇನಿನ ತಿಂಗಳ ಬಾಡಿಗೆ ಎಂದರೆ ಸಾಮಾನ್ಯವಾಗಿ 26 ದಿನ, ದಿನಕ್ಕೆ 10 ಅಥವಾ 12 ತಾಸು. ಅದರ ಮೇಲೆ ಓವರ್‌ಟೈಮ್. ಡೀಸೆಲ್ ಬಾಡಿಗೆಗೆ ಪಡೆದವರದು, ತರುವ ಮತ್ತು ಕಳಿಸುವ ಸಾಗಣೆ ಖರ್ಚು ಬೇರೆ. ಕೆಲಸವಿರಲಿ ಇಲ್ಲದಿರಲಿ, ಯಂತ್ರ ಗೇಟಿನೊಳಗೆ ಇದ್ದರೆ ಬಾಡಿಗೆ ಬೀಳುತ್ತದೆ. ಇದರಲ್ಲಿ ಮಾಲೀಕರ ಅನ್ಯಾಯವೇನೂ ಇಲ್ಲ. ಅವರು ಕೊಡುವುದು ಯಂತ್ರದ ಸಮಯವನ್ನು. ಅದನ್ನು ಉಪಯೋಗಿಸುವುದು ನಮ್ಮ ಪಾಲು.

ಡಿಎ ಎತ್ತುವ ದಿನದವರೆಗೆ ಕ್ರೇನು ಆರು ವಾರ ನಮ್ಮಲ್ಲಿ ನಿಂತಿತ್ತು. ಲೆಕ್ಕದ 36 ದಿನ, ಅಂದರೆ 360 ತಾಸು. ಕೊಕ್ಕೆಗೆ ಭಾರ ಬಿದ್ದದ್ದು 47 ತಾಸು. ಆ 47ರಲ್ಲೂ ಬಹುಪಾಲು ಹೈಡ್ರಾ ಮಾಡಬಹುದಾಗಿದ್ದ ಕೆಲಸ. ದೊಡ್ಡ ಕ್ರೇನು ಕಣ್ಣೆದುರಿಗಿದೆ, ಬಾಡಿಗೆ ಹೇಗೂ ಹೋಗುತ್ತಿದೆ ಎಂದು ಬಣ್ಣದ ಡ್ರಮ್ಮುಗಳನ್ನೂ ಅದರಿಂದಲೇ ಎತ್ತಿಸಿದ್ದೆವು. ಡೆಕ್ ಕತ್ತರಿಸುವುದು ಮೂರನೆಯ ವಾರಕ್ಕೆ ಎಂದು ಬಾರ್ ಚಾರ್ಟಿನಲ್ಲಿ ನಾನೇ ಬರೆದಿದ್ದೆ. ಇಂಧನ ಖಾಲಿ ಮಾಡುವುದು ತಡವಾಯಿತು, ಪ್ರಮಾಣಪತ್ರ ತಡವಾಯಿತು, ಡೆಕ್ಕಿನ ಕೆಳಗೆ ನಕ್ಷೆಯಲ್ಲಿಲ್ಲದ ಕೇಬಲ್ ಟ್ರೇ ಸಿಕ್ಕಿತು. ಹಳೆಯ ಹಡಗುಗಳಲ್ಲಿ ಇದು ಆಗುವಂಥದ್ದೇ. ಆದರೆ ಆಗುವಂಥದ್ದು ಎಂದು ಗೊತ್ತಿದ್ದ ಮೇಲೂ ದೊಡ್ಡ ಕ್ರೇನನ್ನು ಮೊದಲ ದಿನದಿಂದಲೇ ಕರೆಸಿದ್ದು ನಮ್ಮ ತಪ್ಪು.

ಬೂಮ್ ಲಿಫ್ಟುಗಳ ಕಥೆ ಬೇರೆ. ಬೆಳಿಗ್ಗೆ ಬಣ್ಣದವರು, ಮಧ್ಯಾಹ್ನ ಎಲೆಕ್ಟ್ರಿಷಿಯನ್, ಸಂಜೆ ತಪಾಸಣೆಯವರು ಎಂದು ಅವು ದಿನವಿಡೀ ದುಡಿದವು. ಇಂಥ ಕೆಲಸವನ್ನು ಯಾರಿಗೂ ಗುತ್ತಿಗೆಗೆ ಕೊಡುವುದಕ್ಕೆ ಆಗುವುದಿಲ್ಲ. ಇಂದು ಯಾವ ಮೂಲೆ, ಎಷ್ಟು ಹೊತ್ತು ಎಂದು ಹಿಂದಿನ ಸಂಜೆಯೂ ಖಚಿತವಿರುವುದಿಲ್ಲ. ಅವುಗಳನ್ನು ಬಾಡಿಗೆಗೆ ತಂದದ್ದು ಸರಿಯಾಗಿತ್ತು.

ಲೆಕ್ಕ ತಪ್ಪಿದ್ದು ಎಲ್ಲಿ

ಕ್ರೇನಿನ ಹೆಸರಿನಲ್ಲಿರುವ ಟನ್ನು ಅದು ತನ್ನ ಮೈಗೆ ತೀರಾ ಹತ್ತಿರ ಎತ್ತಬಲ್ಲ ಭಾರ. ಬೂಮ್ ಹೊರಗೆ ಚಾಚಿದಷ್ಟೂ ಶಕ್ತಿ ಕುಸಿಯುತ್ತದೆ. ನಮ್ಮ ಯಂತ್ರದ ಲೋಡ್ ಚಾರ್ಟಿನ ಪ್ರಕಾರ 18 ಮೀಟರ್ ತ್ರಿಜ್ಯದಲ್ಲಿ, ಅಂದರೆ ಕ್ರೇನಿನಿಂದ ಕೊಕ್ಕೆಗೆ ಅಷ್ಟು ಅಡ್ಡ ದೂರವಿದ್ದಾಗ, ಅದರ ಮಿತಿ 10.2 ಟನ್, 20 ಮೀಟರಿನಲ್ಲಿ 8.6 ಟನ್. ಎಂಬತ್ತು ಎಂಬ ಸಂಖ್ಯೆಗೆ ಅಲ್ಲಿ ಏನೂ ಅರ್ಥವಿಲ್ಲ.

ನಮ್ಮ ಯೋಜನೆಯಲ್ಲಿ ತ್ರಿಜ್ಯ 18 ಮೀಟರ್ ಇತ್ತು. ಜೆಟ್ಟಿಯ ಅಂಚಿನಿಂದ ಔಟ್‌ರಿಗರಿನ (ಕ್ರೇನಿನ ಊರುಗಾಲಿನ) ಅಂತರ, ಹಡಗು ಜೆಟ್ಟಿಗೆ ತಾಗದಂತೆ ಇಡುವ ಫೆಂಡರಿನ ದಪ್ಪ, ಹಡಗಿನ ಅರ್ಧ ಅಗಲ, ಅದರಾಚೆ ಸಮುದ್ರದ ಕಡೆಗಿದ್ದ ಡೆಕ್ ತೆರಪು ಇವಿಷ್ಟನ್ನು ಕೂಡಿಸಿ ಬಂದ ಸಂಖ್ಯೆ. ಆದರೆ ಆ ದಿನ ಕ್ರೇನು ನಿಲ್ಲಿಸಲು ಹೋದಾಗ ಮುಂದಿನ ಔಟ್‌ರಿಗರ್ ಊರಬೇಕಾದ ಜಾಗದಲ್ಲಿ ಕೇಬಲ್ ಕಾಲುವೆಯ ಮುಚ್ಚಳಗಳಿದ್ದವು. ಅವುಗಳ ಮೇಲೆ ಭಾರ ಹಾಕುವಂತಿಲ್ಲ. ಕ್ರೇನು ಎರಡು ಮೀಟರ್ ಹಿಂದೆ ಸರಿಯಿತು. ಆ ಎರಡು ಮೀಟರಿನಲ್ಲಿ ಒಂದೂವರೆ ಟನ್ನಿಗೂ ಹೆಚ್ಚು ಶಕ್ತಿ ಹೋಯಿತು. ಹೊಸದಾಗಿ ಲೆಕ್ಕ ಹಾಕಿದವರು ಯಾರೂ ಇಲ್ಲ.

ಭಾರದ ಕಡೆಯೂ ಅಷ್ಟೇ. ಕೈಪಿಡಿಯಲ್ಲಿ ಡಿಎ ತೂಕ 7.4 ಟನ್ ಎಂದಿತ್ತು. ಅದು ಒಣ ತೂಕ. ಎಣ್ಣೆ, ನೀರು ಇಲ್ಲದೆ, ನಂತರ ಹಡಗಿನಲ್ಲಿ ಸೇರಿಸಿದ ಬ್ರ್ಯಾಕೆಟ್ಟು, ಪೈಪುಗಳಿಲ್ಲದೆ ಬರೆದದ್ದು. ಭಾರವನ್ನು ಕೊಕ್ಕೆಗೆ ಕಟ್ಟುವ ಸ್ಲಿಂಗ್, ಶ್ಯಾಕಲ್, ಸ್ಪ್ರೆಡರ್ ಬೀಮ್, ಜೊತೆಗೆ ಕೊಕ್ಕೆಯ ಬ್ಲಾಕ್ ಸೇರಿ ಇನ್ನೂ 0.9 ಟನ್. ಪುಸ್ತಕದ ತೂಕವನ್ನೇ ನಂಬಿದ್ದರೂ ಒಟ್ಟು 8.3 ಟನ್, ಮಿತಿಯ ಅಂಚು. ಅದರ ಮೇಲೆ ಹಡಗು ನೀರಿನಲ್ಲಿದೆ, ಅಲೆಗೆ ಏರಿಳಿಯುತ್ತದೆ. ನೆಲದ ಮೇಲಿನ ಭಾರದಂತೆ ಅದು ಸುಮ್ಮನಿರುವುದಿಲ್ಲ. ಸೈರನ್ ಕೂಗದೇ ಇದ್ದಿದ್ದರೆ, ಪೂರ್ತಿ ಭಾರ ಕೊಕ್ಕೆಗೆ ಬಂದ ಕ್ಷಣದಲ್ಲಿ ಏನಾಗುತ್ತಿತ್ತು ಎಂದು ಯೋಚಿಸಿದರೆ ಈಗಲೂ ಕೈ ತಣ್ಣಗಾಗುತ್ತದೆ. ಎಂಜಿನ್ ಕೋಣೆಯಲ್ಲಿ ನಮ್ಮ ನಾಲ್ವರು ಫಿಟ್ಟರುಗಳಿದ್ದರು.

2020ರ ಆಗಸ್ಟ್ 1ರಂದು ವಿಶಾಖಪಟ್ಟಣದ ಹಿಂದೂಸ್ತಾನ್ ಶಿಪ್‌ಯಾರ್ಡಿನಲ್ಲಿ ಕ್ರೇನೊಂದರ ಭಾರ ಪರೀಕ್ಷೆ ನಡೆಯುತ್ತಿದ್ದಾಗ ಅದು ಕುಸಿದು 11 ಮಂದಿ ಸತ್ತರು. ಸತ್ತವರಲ್ಲಿ ಯಾರ್ಡಿನ ನೌಕರರೂ ಇದ್ದರು, ಗುತ್ತಿಗೆ ಕಂಪನಿಗಳ ಕೆಲಸಗಾರರೂ ಇದ್ದರು. ಕಾಗದದಲ್ಲಿ ಯಾರು ಯಾರ ಆಳು ಎಂಬುದನ್ನು ಬೀಳುವ ಉಕ್ಕು ಕೇಳುವುದಿಲ್ಲ.

ಹಿಡಿತ ಯಾರದು

ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ನನ್ನ ಊರಿನಲ್ಲಿ ಅಡಿಕೆ ಬೆಳೆಗಾರರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು. ಕೊನೆಗಾರನನ್ನು ದಿನಗೂಲಿಗೆ ಕರೆದರೆ ಯಾವ ಮರ ಹತ್ತಬೇಕು, ಮಳೆ ಬಂದರೆ ಏನು ಮಾಡಬೇಕು ಎಂಬುದೆಲ್ಲ ತೋಟದವರ ತಲೆನೋವು. ಬೆಳೆಯನ್ನೇ ಚೇಣಿಗೆ ಕೊಟ್ಟರೆ ಕೊಯ್ಲು ಚೇಣಿದಾರನದು, ಕೊಯ್ಲಿನ ಚಿಂತೆಯೂ ಅವನದೇ. ಕ್ರೇನಿನ ವ್ಯವಹಾರವೂ ಹೀಗೆಯೇ. ಬ್ರಿಟನ್ನಿನಲ್ಲಿ ಈ ಎರಡಕ್ಕೂ ಬೇರೆ ಬೇರೆ ಒಪ್ಪಂದಗಳೇ ಇವೆ. ಕ್ರೇನ್ ಬಾಡಿಗೆಗೆ ಪಡೆದರೆ ಲಿಫ್ಟಿನ ಯೋಜನೆ, ಮೇಲ್ವಿಚಾರಣೆ, ಹೊಣೆ ಪಡೆದವರದು. ಲಿಫ್ಟನ್ನೇ ಗುತ್ತಿಗೆಗೆ ಕೊಟ್ಟರೆ ಅವೆಲ್ಲ ಕ್ರೇನ್ ಕಂಪನಿಯವು. ಪ್ರತಿಯೊಂದು ಲಿಫ್ಟನ್ನೂ ಅರ್ಹ ವ್ಯಕ್ತಿಯೇ ಯೋಜಿಸಬೇಕೆಂದು ಅಲ್ಲಿನ 1998ರ ನಿಯಮಾವಳಿ ಹೇಳುತ್ತದೆ. ನಮ್ಮ ಆದೇಶದಲ್ಲಿ ಬಾಡಿಗೆ ಇತ್ತು, ನಮ್ಮ ಕಡೆ ಆ ಅರ್ಹ ವ್ಯಕ್ತಿ ಇರಲಿಲ್ಲ. ಆಪರೇಟರ್ ಬಂದಿದ್ದಾರಲ್ಲ, ಅವರು ನೋಡಿಕೊಳ್ಳುತ್ತಾರೆ ಎಂದುಕೊಂಡೆವು.

ಆಪರೇಟರ್ ಜೊತೆಗೆ ಬಂದ ಮಾತ್ರಕ್ಕೆ ಅದು ಸೇವೆಯಾಗುವುದಿಲ್ಲ ಎಂಬುದಕ್ಕೆ ನಮ್ಮ ಪಣಂಬೂರಿನದೇ ಒಂದು ದೊಡ್ಡ ಉದಾಹರಣೆ ಇದೆ. ಗ್ರೇಟ್ ಈಸ್ಟರ್ನ್ ಶಿಪ್ಪಿಂಗ್ ಕಂಪನಿ 'ಕುಮಾರಿ ತಾರಿಣಿ' ಎಂಬ ಟಗ್ ದೋಣಿಯನ್ನು ನವಮಂಗಳೂರು ಬಂದರು ಮಂಡಳಿಗೆ ಚಾರ್ಟರ್ (ಅವಧಿಯ ಬಾಡಿಗೆ) ಮೇಲೆ ಕೊಟ್ಟಿತ್ತು. ನಾವಿಕರು ಕಂಪನಿಯವರೇ. ಇದು ಸೇವೆಯೋ, ವಸ್ತುವಿನ ಬಳಕೆಯ ಹಕ್ಕನ್ನು ವರ್ಗಾಯಿಸಿದ್ದೋ ಎಂದು ಕರ್ನಾಟಕ ಮಾರಾಟ ತೆರಿಗೆಯ ವಿಚಾರದಲ್ಲಿ ವ್ಯಾಜ್ಯ ಹುಟ್ಟಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2019ರ ಡಿಸೆಂಬರಿನಲ್ಲಿ ಬಂದ ತೀರ್ಪು ರಾಜ್ಯದ ಪರವಾಗಿತ್ತು. ನಾವಿಕರು ಯಾರ ಸಂಬಳದವರಾದರೂ ಆ ಅವಧಿಯಲ್ಲಿ ಟಗ್ ಬಂದರಿನ ವಶ ಮತ್ತು ಹಿಡಿತದಲ್ಲಿತ್ತು ಎಂಬುದೇ ಅದರ ತಿರುಳು. ತೆರಿಗೆಯ ಪ್ರಶ್ನೆಗೂ ಸುರಕ್ಷತೆಯ ಪ್ರಶ್ನೆಗೂ ಕಾನೂನು ಬೇರೆ. ಆದರೂ ನನಗೆ ಆ ತೀರ್ಪು ಓದಿದಾಗ ಜೆಟ್ಟಿಯ ಆ ಬೆಳಗು ನೆನಪಾಯಿತು. ಆಪರೇಟರ್ ಕೀಲಿಯನ್ನು ನನಗೆ ಕೊಟ್ಟಾಗ ಹೇಳಿದ್ದೂ ಅದನ್ನೇ.

ನಮ್ಮ ಲೆಕ್ಕಪತ್ರ ವಿಭಾಗ ಮಾತ್ರ ಈ ವ್ಯತ್ಯಾಸವನ್ನು ಮೊದಲೇ ಗುರುತಿಸಿತ್ತು. ಆಗಿನ ಆದಾಯ ತೆರಿಗೆ ಕಾಯಿದೆಯಲ್ಲಿ ಬಿಲ್ಲಿನಲ್ಲೇ ತೆರಿಗೆ ಹಿಡಿಯುವುದಕ್ಕೆ ಯಂತ್ರದ ಬಾಡಿಗೆಯಾದರೆ 194-ಐ ಕಲಂ, ಗುತ್ತಿಗೆಯಾದರೆ 194-ಸಿ. ಯಾವ ಕಲಂ ಎಂದು ಅವರು ಬಿಲ್ಲು ತಡೆಹಿಡಿದು ಕೇಳಿದ್ದರು. ವಿಮೆಯ ಕಾಗದವನ್ನೂ ಅವರೇ ತೆಗೆಸಿದರು. ಕ್ರೇನಿನ ಮೋಟಾರು ವಿಮೆ ರಸ್ತೆಯ ಅಪಘಾತಕ್ಕೆ ಇತ್ತು. ಕೆಲಸ ಮಾಡುವಾಗ ಮಗುಚಿದರೆ ಪರಿಹಾರ ಬೇಕೆಂದರೆ ಹೆಚ್ಚಿನ ಕಂತು ಕಟ್ಟಬೇಕು. ಅದನ್ನು ಕಟ್ಟಿರಲಿಲ್ಲ. ಕೊಕ್ಕೆಯಲ್ಲಿ ನೇತಾಡುವ ಡಿಎಗೆ, ಅಂದರೆ ಸರ್ಕಾರದ ಸ್ವತ್ತಿಗೆ, ಯಾವ ವಿಮೆಯೂ ಇರಲಿಲ್ಲ. ಒಂದೇ ಒಂದು ಸರಿಯಾಗಿತ್ತು: ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯಿದೆಯ 29ನೇ ಕಲಂ ಕೇಳುತ್ತಿದ್ದ ವಾರ್ಷಿಕ ತಪಾಸಣೆಯ ಪ್ರಮಾಣಪತ್ರ. ಆ ಕಾಗದ ಯಂತ್ರ ಗಟ್ಟಿಯಾಗಿದೆ ಎನ್ನುತ್ತದೆ. ಈ ಲಿಫ್ಟಿಗೆ ಅದು ಸಾಕೇ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ.

ಗುತ್ತಿಗೆಯವರು ಬಂದರು

ಲಿಫ್ಟು ನಿಂತ ನಾಲ್ಕನೆಯ ದಿನ, ದೊಡ್ಡ ಭಾರ ಎತ್ತುವ ಹೆವಿ ಲಿಫ್ಟ್ ಕಂಪನಿಯೊಂದರಿಂದ ಇಬ್ಬರು ಬಂದರು. ಅವರಲ್ಲಿ ಹಿರಿಯರು ಮೊದಲ ಒಂದು ತಾಸು ನಮ್ಮ ಜೊತೆ ಮಾತೇ ಆಡಲಿಲ್ಲ. ಟೇಪು ಹಿಡಿದು ಜೆಟ್ಟಿ ಅಳೆದರು. ಕಾಲುವೆಯ ಮುಚ್ಚಳಗಳ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದರು. ಎಂಜಿನ್ ಕೋಣೆಗೆ ಇಳಿದು ಡಿಎ ಸುತ್ತ ಟಾರ್ಚು ಹಾಯಿಸಿದರು, ಸ್ಲಿಂಗ್ ಸಿಕ್ಕಿಸಿ ಎತ್ತುವ ಕಿವಿಗಳ ಬಣ್ಣವನ್ನು ಕೆರೆದು ಬೆಸುಗೆ ನೋಡಿದರು, ಎಣ್ಣೆಯ ತೊಟ್ಟಿಗೆ ಬೆರಳಿಟ್ಟು ಮೂಸಿದರು. ಮೇಲೆ ಬಂದು ಮೂರು ಕಾಗದ ಕೇಳಿದರು: ಜೆಟ್ಟಿ ಎಷ್ಟು ಭಾರ ತಡೆಯುತ್ತದೆ ಎಂಬ ನಕ್ಷೆ, ಡಿಎಗೆ ನಂತರ ಸೇರಿಸಿದ ಭಾಗಗಳ ಪಟ್ಟಿ, ಆ ವಾರದ ಭರತ-ಇಳಿತದ ವೇಳಾಪಟ್ಟಿ. ಆರು ವಾರದಲ್ಲಿ ನಮ್ಮಲ್ಲಿ ಯಾರೂ ಈ ಮೂರನ್ನು ಒಂದೇ ಮೇಜಿನ ಮೇಲೆ ಇಟ್ಟು ನೋಡಿರಲಿಲ್ಲ.

ಅವರ ದರ ನಮ್ಮ ಕ್ರೇನಿನ ತಿಂಗಳ ಬಾಡಿಗೆಯ ಹತ್ತಿರ ಒಂದೂವರೆ ಪಟ್ಟು. ಮೂರು ದಿನದ ಕೆಲಸಕ್ಕೆ! ಖರೀದಿ ವಿಭಾಗ ಹೌಹಾರಿತು. ಆದರೆ ಆರು ವಾರದ ಬಾಡಿಗೆ ಆಗಲೇ ಅಷ್ಟೇ ಮೊತ್ತದ ಹತ್ತಿರ ಬಂದು ನಿಂತಿತ್ತು, ಡಿಎ ಇನ್ನೂ ಪೀಠದ ಮೇಲಿತ್ತು.

ಗುತ್ತಿಗೆಯೂ ಪೂರ್ತಿ ಸಲೀಸಾಗಿ ನಡೆಯಲಿಲ್ಲ, ಅದನ್ನೂ ಹೇಳಬೇಕು. ಅವರ ದೊಡ್ಡ ಕ್ರೇನು ಬಂದ ದಿನ ನಮ್ಮ ಫಿಟ್ಟರುಗಳು ಎಣ್ಣೆ ಪೂರ್ತಿ ಇಳಿಸಿ ಮುಗಿಸಿರಲಿಲ್ಲ. ಒಂದು ದಿನದ ಕಾಯುವಿಕೆಯ ಶುಲ್ಕ ತೆತ್ತೆವು, ಅದು ಬಾಡಿಗೆಯ ದಿನಗಳಿಗಿಂತ ಎಷ್ಟೋ ದುಬಾರಿ. ಕೆಲಸ ಯಾವಾಗ ಸಿದ್ಧವಾಗುತ್ತದೆ ಎಂದು ತಿಳಿಯದ ಯಾರ್ಡಿಗೆ ಬಾಡಿಗೆಯಲ್ಲಿ ದುಡ್ಡು ಹನಿಹನಿಯಾಗಿ ಸೋರುತ್ತದೆ, ಗುತ್ತಿಗೆಯಲ್ಲಿ ಒಂದೇ ಸಲಕ್ಕೆ ಹೋಗುತ್ತದೆ.

ಲಿಫ್ಟು ನಡೆದದ್ದು ಮರುದಿನ ಬೆಳಿಗ್ಗೆ 6.40ಕ್ಕೆ, ಭರತದ ನೀರು ನಿಂತ ಹೊತ್ತಿನಲ್ಲಿ, ಗಾಳಿ ಏಳುವ ಮುನ್ನ. ಕಾಲುವೆಯ ಎರಡೂ ಬದಿಗೆ ಊರಿದ ಉಕ್ಕಿನ ಹಾಸುಗಳ ಮೇಲೆ ಔಟ್‌ರಿಗರ್ ನಿಂತಿತ್ತು. ಭಾರಕ್ಕೆ ಸ್ಲಿಂಗ್ ಕಟ್ಟುವ ರಿಗರುಗಳಲ್ಲಿ ಇಬ್ಬರು ಕೇರಳದ ಬೇಪುರದ ಕಡೆಯವರು. 1988ರಲ್ಲಿ ಬೆಂಗಳೂರಿನಿಂದ ಹೊರಟ ಐಲ್ಯಾಂಡ್ ಎಕ್ಸ್‌ಪ್ರೆಸ್ ಪೆರುಮಣ್ ಸೇತುವೆಯಿಂದ ಅಷ್ಟಮುಡಿ ಸರೋವರಕ್ಕೆ ಬಿದ್ದಾಗ ಬೋಗಿಗಳನ್ನು ಮೇಲೆತ್ತಲು ನೆರವಾದವರು ಅಲ್ಲಿನ ಮಾಪಿಳ್ಳ ಖಲಾಸಿಗಳು. ಭಾರದ ಜೊತೆ ತಲೆಮಾರುಗಳಿಂದ ಬಾಳಿದವರು. ಇಬ್ಬರೂ ಹೆಚ್ಚು ಮಾತನಾಡಲಿಲ್ಲ. ಕೊಕ್ಕೆ ಬಿಗಿಯಾದಾಗ ಒಬ್ಬರು ಸ್ಲಿಂಗಿನ ಮೇಲೆ ಅಂಗೈಯಿಟ್ಟು ಅದರ ನಡುಕ ನೋಡಿದರು, ತಲೆಯಾಡಿಸಿದರು. ಹಿರಿಯರು ಕೈ ಎತ್ತಿ ಒಂದು ನಿಮಿಷ ನಿಲ್ಲಿಸಿದರು. ತೂಕದ ಸೆಲ್ 8.7 ಟನ್ ತೋರಿಸುತ್ತಿತ್ತು, ಎಣ್ಣೆ ಇಳಿಸಿದ ಮೇಲೂ. ಐವತ್ತು ನಿಮಿಷದಲ್ಲಿ ಡಿಎ ಟ್ರೇಲರಿನ ಮೇಲಿತ್ತು. ಭಾರ ಇಳಿದ ಹಡಗು ಹಗ್ಗಗಳನ್ನು ಸ್ವಲ್ಪ ಎಳೆದುಕೊಂಡು ನೆಟ್ಟಗಾಯಿತು.

ಆಮೇಲೆ ಬದಲಾದದ್ದು

ಮುಂದಿನ ರಿಫಿಟ್ಟಿಗೆ ಬೂಮ್ ಲಿಫ್ಟುಗಳನ್ನು ತಿಂಗಳ ಬಾಡಿಗೆಗೆ, ಹೈಡ್ರಾವನ್ನು ಶಿಫ್ಟಿನ ಲೆಕ್ಕದಲ್ಲಿ ತಂದೆವು. ದೊಡ್ಡ ಭಾರಗಳನ್ನು ಒಂದೊಂದಾಗಿ ಗುತ್ತಿಗೆಗೆ ಕೊಟ್ಟೆವು. ದರ ಕೇಳುವ ಕಾಗದದಲ್ಲಿ ಕ್ರೇನಿನ ಟನ್ನು ಬರೆಯುವುದನ್ನು ಬಿಟ್ಟೆವು. ಭಾರ, ತ್ರಿಜ್ಯ, ಎತ್ತರ, ನಿಲ್ಲುವ ಜಾಗ ಇಷ್ಟನ್ನು ಬರೆದು, ಯಾವ ಕ್ರೇನು ಎಂಬುದನ್ನು ಅವರಿಗೇ ಬಿಟ್ಟೆವು. ನಮ್ಮ ಇಬ್ಬರು ಎಂಜಿನಿಯರುಗಳನ್ನು ಲಿಫ್ಟಿಂಗ್ ಮೇಲ್ವಿಚಾರಣೆಯ ತರಬೇತಿಗೆ ಕಳಿಸಿದೆವು. ಗುತ್ತಿಗೆಗೆ ಕೊಟ್ಟ ಮೇಲೂ ಹಡಗಿನ ತೂಕಗಳು, ಜೆಟ್ಟಿಯ ಬಲ, ಕೆಲಸ ಸಿದ್ಧವಾಗುವ ದಿನ ಇವನ್ನು ಹೇಳಬೇಕಾದವರು ನಾವೇ. ಅವನ್ನು ಯಾರಿಗೂ ಗುತ್ತಿಗೆಗೆ ಕೊಡುವುದಕ್ಕೆ ಬರುವುದಿಲ್ಲ.

ಒಂದು ಕೆಲಸ ಮಾತ್ರ ಅದೇ ವಾರ ಮಾಡಿದ್ದೆ. ರಿಫಿಟ್ಟಿನ ವಿಳಂಬ ವರದಿಯ ಕರಡಿನಲ್ಲಿ ಡಿಎ ಸಾಲಿನ ಮುಂದೆ "ಕ್ರೇನ್ ಆಪರೇಟರಿನ ಅಸಹಕಾರ" ಎಂದು ಬರೆದಿತ್ತು. ಬಾಡಿಗೆ ಕಂಪನಿಗೆ ದೂರಿನ ಪತ್ರವೂ ಸಿದ್ಧವಾಗಿತ್ತು. ಅಂಥ ಪತ್ರ ಹೋದರೆ ಆ ವಯಸ್ಸಿನ ಆಪರೇಟರಿಗೆ ಇನ್ನೊಂದು ಕ್ರೇನು ಸಿಗುವುದು ಕಷ್ಟ. ಪತ್ರವನ್ನು ತಡೆದೆ. ಕರಡಿನ ಆ ಸಾಲನ್ನು ಹೊಡೆದುಹಾಕಿ "ತೂಕದ ಅಂದಾಜು ತಪ್ಪು, ಕ್ರೇನು ಸರಿಸಿದ ಮೇಲೆ ತ್ರಿಜ್ಯ ಅಳೆಯಲಿಲ್ಲ, ಪ್ಲಾನಿಂಗ್ ವಿಭಾಗ" ಎಂದು ಬರೆದು ಸಹಿ ಹಾಕಿದೆ.